ಸೋತ ಮೇಲೆ ಬಂಗಾರಪ್ಪನವರು

(ಶಿಕಾರಿಪುರದ ಸಭೆಯಲ್ಲಿ ಮಾಡಿದ ಭಾಷಣ)



2008ರಲ್ಲಿ ಬಂಗಾರಪ್ಪನವರು ಇದೇ ಶಿಕಾರಿಪುರದಲ್ಲಿ ಯಡಿಯೂರಪ್ಪನವರಿಗೆ ಸೋತರು. 2009ರಲ್ಲಿ ಲೋಕಸಭೆಯ ಸ್ಥಾನವನ್ನೂ ಯಡಿಯೂರಪ್ಪನವರ ಮಗ ರಾಘವೇಂದ್ರರಿಗೆ ಬಿಟ್ಟುಕೊಡಬೇಕಾಯಿತು. ತಂದೆಗೊಮ್ಮೆ, ಮಗನಿಗೊಮ್ಮೆ! ಆದರೂ ಅವರು ಮನೆಯಲ್ಲಿ ಕೂರಲಿಲ್ಲ. 2010ರಲ್ಲಿ ಕಾಂಗ್ರೆಸ್ ತೊರೆದು ಜಾತ್ಯತೀತ ಜನತಾದಳ ಸೇರಿದರು. ಮರುವರ್ಷ ಡಿಸೆಂಬರ್ 26ರಂದು ತೀರಿಕೊಂಡರು.

1967ರಲ್ಲಿ ಸೊರಬ ಅವರನ್ನು ವಿಧಾನಸಭೆಗೆ ಕಳಿಸಿದ್ದು ಸಮಾಜವಾದಿಯೆಂದು. ಆಮೇಲೆ ಎಷ್ಟು ಬಾವುಟಗಳು ಬಂದವೋ, ತಾವೇ ಎಣಿಸಿಕೊಳ್ಳಿ. ರೈತ ಮಾತ್ರ ಬೆನ್ನು ಬಿಡಲಿಲ್ಲ. ಮುಖ್ಯಮಂತ್ರಿಯಾಗಿದ್ದಾಗ ಪಂಪ್‌ಸೆಟ್ಟಿಗೆ ಕೊಟ್ಟ ಉಚಿತ ವಿದ್ಯುತ್ತಿನ ಋಣ ಅದು. ಆ ಋಣ ನ್ಯಾಯವಾದದ್ದೇ.

2005ರಲ್ಲಿ ಭಾರತೀಯ ಜನತಾ ಪಕ್ಷ ಬಿಟ್ಟಾಗ ಸ್ಥಾನಕ್ಕೂ ರಾಜೀನಾಮೆ ಕೊಟ್ಟು ಮತದಾರನ ಮುಂದೆ ನಿಂತರು, ಗೆದ್ದರು. ಇದನ್ನು ನಾವು ಮನಸಾರೆ ಮೆಚ್ಚುತ್ತೇವೆ. ಸೋತವನಿಗೆ ರಾಜೀನಾಮೆ ಕೊಡಲು ಸ್ಥಾನವೇ ಇರುವುದಿಲ್ಲ. ಆಗ ಒಪ್ಪಿಗೆ ಕೇಳಬೇಕಾದದ್ದು ಯಾರನ್ನು? ಬಾವುಟ ಹೊತ್ತ ಹಮಾಲನನ್ನು, ಗಲ್ಲಾಪೆಟ್ಟಿಗೆಯಿಂದ ವಂತಿಗೆ ಕೊಟ್ಟ ಚಿಲ್ಲರೆ ವ್ಯಾಪಾರಿಯನ್ನು. ಅವರನ್ನು ಕೇಳುವ ಪದ್ಧತಿಯೇ ನಮ್ಮಲ್ಲಿ ಬೆಳೆಯಲಿಲ್ಲ.

ಮಗ ಮಧು ಕೂಡ 2018ರ ಉಪಚುನಾವಣೆಯಲ್ಲೂ 2019ರಲ್ಲೂ ಅದೇ ರಾಘವೇಂದ್ರರಿಗೆ ಸೋತು, 2021ರಲ್ಲಿ ಕಾಂಗ್ರೆಸ್ ಸೇರಿ, 2023ರಲ್ಲಿ ಮಂತ್ರಿಯಾದರು. ಸೊರಬದಲ್ಲಿ ಗೆದ್ದವರು 2013ರಲ್ಲಿ ಜನತಾದಳದ ಮಧು, 2018ರಲ್ಲಿ ಭಾರತೀಯ ಜನತಾ ಪಕ್ಷದಿಂದ ಅಣ್ಣ ಕುಮಾರ್, 2023ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಮಧು. ಈ ಮೂರು ಸಲವೂ ಭಿತ್ತಿಪತ್ರ ಅಂಟಿಸಿದವರು ಈ ಸಭೆಯಲ್ಲೇ ಇದ್ದರೆ ದಯಮಾಡಿ ಕೈ ಎತ್ತಿರಿ.