ಬಾಳೆಯ ಬೇರಿಗೆ ಕಾವಲು



ನಂಜನಗೂಡಿನ ರಸಬಾಳೆಯನ್ನು ಅಳಿವಿನಂಚಿಗೆ ತಂದದ್ದು ಪನಾಮಾ ಸೊರಗು ರೋಗ. ಜೋಗಿಮಟ್ಟಿ ಸುತ್ತಿನ ನಮ್ಮ ಬಾಳೆ ತೋಟಗಳಿಗೂ ಅದು ಪಾಠ. ಮಣ್ಣಿನಲ್ಲಿರುವ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರಿನ ನಾಳಗಳನ್ನು ಕಟ್ಟಿಬಿಡುತ್ತದೆ. ಎಲೆ ಹಳದಿಯಾಗಿ ಜೋತು ಗಿಡ ಸಾಯುತ್ತದೆ. ರೋಗ ಹೊಕ್ಕ ಮೇಲೆ ಔಷಧವಿಲ್ಲ. ನೆಡುವಾಗಲೇ ಕಾವಲು ಹಾಕಬೇಕು.

ಸೂಡೊಮೊನಾಸ್, ಬ್ಯಾಸಿಲಸ್ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳು ಬೇರಿನ ಮೇಲೆ ಮೊದಲೇ ನೆಲೆಯೂರಿ ಶಿಲೀಂಧ್ರವನ್ನು ತಡೆಯುತ್ತವೆ. ಸೂಡೊಮೊನಾಸ್ ಅಂತೂ ಮಣ್ಣಿನ ಕಬ್ಬಿಣದಂಶವನ್ನು ತಾನೇ ಹಿಡಿದು ಶತ್ರುವನ್ನು ಉಪವಾಸ ಕೆಡವುತ್ತದೆ. ರೋಗವಿಲ್ಲದ ತೋಟದ ಕಂದನ್ನು ಇದರ ದ್ರಾವಣದಲ್ಲಿ ಅದ್ದಿ ನೆಡಿ. ಪುಡಿಯನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಗುಣಿಗೆ ಹಾಕಿ.

ತೋಟ ಸತ್ತರೆ ರೈತನಿಗೆ ಸಾಲ, ವ್ಯಾಪಾರಿಗೆ ಖಾಲಿ ಅಂಗಡಿ, ಮಿಲ್ ಕಾರ್ಮಿಕನಿಗೆ ಕೈಗೆಟುಕದ ಹಣ್ಣು. ಈ ಪುಡಿ ಪ್ರತಿ ಸಹಕಾರ ಸಂಘದಲ್ಲೂ ನ್ಯಾಯಬೆಲೆಗೆ ಸಿಗಲೇಬೇಕೆಂದು ಮೂವರೂ ಕೂಡಿ ಕೇಳೋಣ.