ತತ್ಯಾನಾಳ ಓಲೆ

ಮೊದಲ ಪ್ರೇಮವೆಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವವರು ಇಬ್ಬರು. ರಷ್ಯದ ಮಹಾಕವಿ ಪುಷ್ಕಿನ್ ಮಾತ್ರ ಆ ಗಳಿಗೆಯ ಬಳಿ ಮೂರನೆಯವಳೊಬ್ಬಳನ್ನು ತಂದು ಕೂರಿಸಿದ್ದಾನೆ. ಆಕೆ ಮನೆಯ ಮುದಿ ದಾದಿ. 1833ರಲ್ಲಿ ಇಡಿಯಾಗಿ ಪ್ರಕಟವಾದ 'ಯೆವ್ಗೆನಿ ಒನೆಗಿನ್' ಎಂಬ ಪದ್ಯ ಕಾದಂಬರಿಯ ಮಾತು ಇದು.

ಅಲ್ಲಿಯ ಹಳ್ಳಿಯ ಬೇಸಿಗೆ ನಮ್ಮ ಬಿರುಬಿಸಿಲಿನ ಕಾಲವಲ್ಲ. ತೋಟದಲ್ಲಿ ಹಣ್ಣು ಮಾಗುವ ಹಿತವಾದ ಋತು. ಜಮೀನ್ದಾರರ ಹಿರಿಯ ಮಗಳು ತತ್ಯಾನಾ ಮಿತಭಾಷಿ. ಕಾದಂಬರಿಗಳೇ ಅವಳ ಒಡನಾಡಿಗಳು. ಪೀಟರ್ಸ್‌ಬರ್ಗಿನಿಂದ ಬಂದು ನೆರೆಯಲ್ಲಿ ನೆಲಸಿದ್ದ ಒನೆಗಿನ್ ಒಂದು ಸಂಜೆ ಅವರ ಮನೆಗೆ ಬಂದುಹೋದ. ಅಷ್ಟೇ ಸಾಕಾಯಿತು.

ಅಂದಿನಿಂದ ಹುಡುಗಿಗೆ ನಿದ್ರೆಯಿಲ್ಲ. ಒಂದು ಬೆಳದಿಂಗಳ ರಾತ್ರಿ ಕಿಟಕಿ ತೆರೆಯಿಸಿ, ನೀನೂ ಪ್ರೀತಿಸಿದ್ದೆಯಾ ಎಂದು ದಾದಿಯನ್ನು ಕೇಳುತ್ತಾಳೆ. ಮುದುಕಿಗೆ ಆ ಪ್ರಶ್ನೆಯೇ ವಿಚಿತ್ರ. ಅವಳಿಗೆ ಮದುವೆಯಾದಾಗ 13 ವರ್ಷ. ಗಂಡ ಅವಳಿಗಿಂತಲೂ ಚಿಕ್ಕವನು. ಭಯದಿಂದ ಅಳುತ್ತಲೇ ಪರರ ಮನೆ ಸೇರಿದವಳು ಅವಳು. ಕನ್ನಡದ ಓದುಗನಿಗೆ ಇದು ಪರದೇಶದ ಕಥೆಯೆನಿಸೀತೆ? ಹೆಣ್ಣಿನ ಮದುವೆಗೆ ಕನಿಷ್ಠ 14 ವರ್ಷವಾಗಿರಬೇಕೆಂಬ ಶಾರದಾ ಕಾಯಿದೆ ನಮ್ಮಲ್ಲಿ ಬಂದದ್ದೇ 1929ರಲ್ಲಿ. ಆ ದಾದಿ ನಮ್ಮ ಅಜ್ಜಿಯರ ಸಾಲಿನವಳೇ.

ಹುಡುಗಿಯ ಕಣ್ಣೀರು ಕಂಡು, ಕಾಯಿಲೆಯಿರಬೇಕೆಂದು ಮುದುಕಿ ತೀರ್ಥ ಚಿಮುಕಿಸಲು ಹೊರಡುತ್ತಾಳೆ. ತತ್ಯಾನಾ ಕಾಗದ, ಲೇಖನಿ ತರಿಸಿಕೊಂಡು ಬೆಳಗಾಗುವವರೆಗೆ ಓಲೆ ಬರೆಯುತ್ತಾಳೆ, ಅದೂ ಫ್ರೆಂಚಿನಲ್ಲಿ! ತಾಯ್ನುಡಿಯಲ್ಲಿ ಬರೆಯುವುದು ಅವಳಿಗೆ ಕಷ್ಟ. ಪ್ರೇಮಪತ್ರಕ್ಕೆ ಇಂಗ್ಲಿಷನ್ನು ಮೊರೆಹೊಕ್ಕ ನಮ್ಮವರು ಇಲ್ಲಿ ನಗುವಂತಿಲ್ಲ. ಹೆಣ್ಣು ತಾನೇ ಮೊದಲು ಬಾಯಿಬಿಡುವುದು ಆ ಸಮಾಜದಲ್ಲಿ ಮಾನವನ್ನೇ ಪಣಕ್ಕಿಟ್ಟಂತೆ. ಅದನ್ನು ಅರಿತೇ ಬರೆದಳು.

ಉತ್ತರ ಬರಲಿಲ್ಲ, ಬದಲಿಗೆ ಒನೆಗಿನ್ ತಾನೇ ಬಂದ. ತೋಟದಲ್ಲಿ ಜೀತದ ಹುಡುಗಿಯರು ಹಣ್ಣು ಬಿಡಿಸುತ್ತ ಹಾಡುತ್ತಿದ್ದರು. ಹಾಡಬೇಕೆಂಬುದು ಒಡೆಯರ ಆಜ್ಞೆ. ಹಾಡುವ ಬಾಯಿ ಹಣ್ಣು ತಿನ್ನಲಾರದಷ್ಟೆ! ಆ ಹಾಡಿನ ನಡುವೆಯೇ ಅವನು ಸೌಜನ್ಯದಿಂದ ನಿರಾಕರಿಸಿ, ಮನಸ್ಸನ್ನು ಹತೋಟಿಯಲ್ಲಿಡು ಎಂದು ಬುದ್ಧಿ ಹೇಳಿದ.

ವರ್ಷಗಳು ಕಳೆದವು. ತತ್ಯಾನಾ ಈಗ ರಾಜಧಾನಿಯಲ್ಲಿ ದೊಡ್ಡ ಅಧಿಕಾರಿಯ ಮಡದಿ. ಈಗ ಓಲೆ ಬರೆಯುವ ಸರದಿ ಒನೆಗಿನ್ನನದು. ತನ್ನ ಪ್ರೀತಿ ಆರಿಲ್ಲವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡೇ ಅವಳು ಅವನನ್ನು ಹಿಂದಕ್ಕೆ ಕಳುಹಿಸುತ್ತಾಳೆ. ಈ ವೈಭವವನ್ನೆಲ್ಲ ಕೊಟ್ಟು ಮರಳಿ ಪಡೆಯಲು ಅವಳು ಬಯಸುವುದಾದರೂ ಏನನ್ನು? ಪುಸ್ತಕದ ಕಪಾಟು, ಕಾಡು ಬೆಳೆದ ತೋಟ, ಅವನನ್ನು ಮೊದಲು ಕಂಡ ಆ ಹಳ್ಳಿ. ಜೊತೆಗೆ, ದಾದಿ ಮಲಗಿರುವ ಬಡ ಸ್ಮಶಾನ.

ನನ್ನ ಮಟ್ಟಿಗೆ ಕಾವ್ಯದ ತಿರುಳು ಇಲ್ಲಿದೆ. ಮೊದಲ ಪ್ರೇಮ ಫಲಿಸದೆ ಹೋಗಬಹುದು. ಆದರೆ ಅದು ಒಬ್ಬನ ಮೇಲಣ ಮೋಹವಾಗಿಯೇ ಉಳಿಯುವುದಿಲ್ಲ. ಆ ಬೇಸಿಗೆಯಲ್ಲಿ ಹತ್ತಿರವಿದ್ದುದನ್ನೆಲ್ಲ ಅದು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಪ್ರೇಮವೆಂಬ ಮಾತನ್ನೇ ಅರಿಯದಿದ್ದ ಮುದುಕಿಗೂ ಅಲ್ಲಿ ಪಾಲು ದೊರೆಯಿತು.