ಕಾರಿಗೆ ಪಟ್ಟ, ಲಾರಿಗೆ ಗುಜರಿ

ಇವತ್ತು ರಾಜಕೀಯ ಬೇಡ. ಯಾರು ದಿಲ್ಲಿಗೆ ಹೋದರು, ಯಾರು ಮುನಿಸಿಕೊಂಡು ರೆಸಾರ್ಟ್ ಸೇರಿದರು ಅನ್ನೋದನ್ನ ಒಂದು ದಿನ ಪಕ್ಕಕ್ಕಿಡೋಣ. ಹೋದ ಭಾನುವಾರ ನಾನು ಬೆಂಗಳೂರು ಶಿವಾಜಿನಗರದ ಗುಜರಿಯಲ್ಲಿದ್ದೆ. ಕ್ಯಾಮೆರಾ ಇರಲಿಲ್ಲ, ಮೈಕ್ ಇರಲಿಲ್ಲ. ಕೈಯಲ್ಲಿ ಇದ್ದದ್ದು ಡೀಸೆಲ್ ಅದ್ದಿದ ಒಂದು ಹಳೇ ಬಟ್ಟೆ. ಯಾವುದೋ ಕಬ್ಬಿಣದ ತುಂಡನ್ನು ಉಜ್ಜಿ, ಅದರ ಮೇಲಿದ್ದ ನಂಬರನ್ನು ಜೋರಾಗಿ ಓದಿ ಹೇಳುವುದು ನನ್ನ ಕೆಲಸ. ಓದೋದು ನನಗೆ ಹೊಸದಲ್ಲ ಬಿಡಿ. ಆದರೆ ಅಷ್ಟು ಗಮನ ಕೊಟ್ಟು ಕೇಳುವವರು ಮಾತ್ರ ಅವತ್ತೇ ಸಿಕ್ಕಿದ್ದು.

ಕೇಳ್ತಾ ಇದ್ದವರು ನಮ್ಮ ತಿಪಟೂರಿನ ಹಿರಿಯರೊಬ್ಬರು. ವಯಸ್ಸು ಎಪ್ಪತ್ತು ದಾಟಿದೆ. ನನ್ನ ಅಪ್ಪ ಕೊಬ್ಬರಿ ವ್ಯಾಪಾರಿಯೊಬ್ಬರ ಲಾರಿ ಓಡಿಸುತ್ತಿದ್ದಾಗ ಇವರು ಆ ಲಾರಿಯ ಕ್ಲೀನರ್. ಆಮೇಲೆ ಮೆಕ್ಯಾನಿಕ್ ಆದರು, ಸ್ವಂತ ಗ್ಯಾರೇಜ್ ಇಟ್ಟರು. ಈಗ ಮಗ ಗ್ಯಾರೇಜ್ ನೋಡಿಕೊಳ್ತಾನೆ. ಇವರು ಮನೆಯ ಹಿಂದೆ, ತೆಂಗಿನ ಮರಗಳ ನಡುವೆ, ಒಂದು ಬೆಂಜ್ ಲಾರಿ ಕಟ್ಟುತ್ತಿದ್ದಾರೆ. ಮರದ ಬಾಡಿಯ ಲಾರಿ. ಅಪ್ಪನ ಲಾರಿಯಂಥದ್ದೇ. ನಾನು ಅವರನ್ನ ಇವತ್ತಿಗೂ ಅಣ್ಣ ಅಂತಲೇ ಕರೆಯೋದು.

ಬೆಂಜ್ ಲಾರಿ ಅಂದ ಕೂಡಲೇ ಹುಡುಗರು ಜರ್ಮನಿಯಿಂದ ಬಂದದ್ದಾ ಅಂತಾರೆ. ಅಲ್ಲ. ಟಾಟಾದವರ ಟೆಲ್ಕೋ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಒಪ್ಪಂದ ಮಾಡಿಕೊಂಡು ಜಮ್‌ಷೆಡ್‌ಪುರದಲ್ಲಿ ಲಾರಿ ಮಾಡೋಕೆ ಶುರು ಮಾಡಿತು. 1969ರಲ್ಲಿ ಒಪ್ಪಂದ ಮುಗಿಯಿತು. ಮುಂದೆ ಆ ಮೂರು ಮೂಲೆಯ ನಕ್ಷತ್ರದ ಜಾಗಕ್ಕೆ ಇಂಗ್ಲಿಷಿನ 'ಟಿ' ಅಕ್ಷರ ಬಂತು. ಆದರೆ ನಮ್ಮ ಕಡೆ ಡ್ರೈವರುಗಳ ಬಾಯಲ್ಲಿ ಅದು ಬಹಳ ವರ್ಷ ಬೆಂಜೇ.

ಇನ್ನೊಂದು ವಿಷಯ ಈಗಿನವರಿಗೆ ಗೊತ್ತಿಲ್ಲ. ಆಗ ಲಾರಿ ಅಂತ ಪೂರ್ತಿ ಗಾಡಿ ಕಂಪನಿಯಿಂದ ಬರುತ್ತಿರಲಿಲ್ಲ. ಚಾಸಿ ಬರುತ್ತಿತ್ತು. ಎಂಜಿನ್ನು, ಚಕ್ರ, ಸ್ಟೀರಿಂಗು, ಮುಂದಿನ ಮೂತಿ, ಅಷ್ಟೇ. ಬಾಗಿಲಿಲ್ಲ, ಸೂರಿಲ್ಲ, ಗ್ಲಾಸಿಲ್ಲ. ಡ್ರೈವರ್ ಒಂದು ಮರದ ಪೆಟ್ಟಿಗೆ ಮೇಲೆ ಕೂತು, ತಲೆಗೆ ಟವೆಲ್ ಸುತ್ತಿಕೊಂಡು, ಬಿಸಿಲು ಮಳೆ ಎರಡನ್ನೂ ಮುಖಕ್ಕೆ ಹೊಡೆಸಿಕೊಂಡು ಅದನ್ನ ನೂರಾರು ಮೈಲಿ ಓಡಿಸಿಕೊಂಡು ಬರಬೇಕಿತ್ತು. ಬಂದ ಮೇಲೆ ಊರಿನ ಬಡಗಿ, ಊರಿನ ಕಮ್ಮಾರ, ಊರಿನ ಪೇಂಟರ್ ಸೇರಿ ಅದಕ್ಕೆ ಮೈ ಕಟ್ಟುತ್ತಿದ್ದರು. ಹಾಗಾಗಿ ಎಂಜಿನ್ ಒಂದೇ ಆದರೂ ಎರಡು ಲಾರಿ ಒಂದೇ ಥರ ಇರುತ್ತಿರಲಿಲ್ಲ. ದೂರದಿಂದ ಕ್ಯಾಬಿನ್ ನೋಡಿಯೇ ಇದು ತಮಿಳುನಾಡಿನ ಗಾಡಿ, ಇದು ನಮ್ಮದು ಅಂತ ಅಪ್ಪ ಹೇಳುತ್ತಿದ್ದರು.

ಅಣ್ಣನಿಗೆ ಸಿಕ್ಕಿದ ಚಾಸಿ ಒಂದು ಅಕ್ಕಿ ಗಿರಣಿಯ ಹಿತ್ತಲಲ್ಲಿ ನಿಂತಿತ್ತು. ಮೈಸೂರು ರಾಜ್ಯದ ಕಾಲದ ಎಂವೈ ನಂಬರು, 1966ರ ಆರ್‌ಸಿ. ಚಾಸಿ ಗಟ್ಟಿ, ಎಂಜಿನ್ ಜಾಮ್ ಆಗಿದ್ದರೂ ಬ್ಲಾಕ್ ಒಡೆದಿಲ್ಲ. ಆದರೆ ಸ್ಟೀರಿಂಗ್ ಬಾಕ್ಸ್ ಇಲ್ಲ, ಮೀಟರ್ ಇಲ್ಲ, ಬಾನೆಟ್ ಒಂದು ಕಡೆಯದು ಮಾತ್ರ ಇದೆ. ಆ ಸಾಮಾನುಗಳಿಗೆ ಐದು ವರ್ಷದಿಂದ ಹುಡುಕಾಟ. ಜೆ.ಸಿ. ರಸ್ತೆ ಆಯಿತು, ಕಲಾಸಿಪಾಳ್ಯ ಆಯಿತು, ನಾಮಕ್ಕಲ್ ಆಯಿತು. ಶಿವಾಜಿನಗರದಲ್ಲಿ ಕಾರಿನದೇ ರಾಜ್ಯ, ಲಾರಿ ಸಾಮಾನು ಕಡಿಮೆ. ಆದರೂ ಯಾವುದೋ ರಾಶಿಯ ಅಡಿಯಲ್ಲಿ ಏನೋ ಇರಬಹುದು ಅಂತ ಹೊರಟಿದ್ದೆವು.

ಗುಜರಿಯಲ್ಲಿ ಹುಡುಕೋದೂ ಒಂದು ವಿದ್ಯೆ ಸ್ವಾಮಿ. ಅಣ್ಣನ ಜೇಬಲ್ಲಿ ಯಾವಾಗಲೂ ಒಂದೆರಡು ಬೋಲ್ಟು, ನಟ್ಟು. ಹಳೇ ಲೇಲ್ಯಾಂಡು, ಬೆಡ್‌ಫರ್ಡಿನದು ಇಂಗ್ಲಿಷರ ಇಂಚಿನ ಲೆಕ್ಕ. ಬೆಂಜಿನದು ಮಿಲಿಮೀಟರ್. ಯಾವುದಾದರೂ ಸಾಮಾನು ಸಿಕ್ಕರೆ ಮೊದಲು ಅದರ ತೂತಿಗೆ ತಮ್ಮ ಬೋಲ್ಟು ತಿರುಗಿಸಿ ನೋಡ್ತಾರೆ. ಎರಡು ಸುತ್ತು ಹೋಗಿ ಬಿಗಿಯಾಯಿತೋ, ಅದು ನಮ್ಮದಲ್ಲ, ಕೆಳಗಿಡು. ಆಮೇಲೆ ಎರಕದ ಮೇಲಿನ ನಂಬರ್. ಆಮೇಲೆ ಸಣ್ಣ ಸುತ್ತಿಗೆಯಲ್ಲಿ ಒಂದು ಏಟು. ಗಂಟೆಯ ಹಾಗೆ ದನಿ ಬಂದರೆ ಸರಿ, ಒಡಕು ದನಿ ಬಂದರೆ ಒಳಗೆಲ್ಲೋ ಬಿರುಕಿದೆ ಅಂತ. ನಂಬರನ್ನು ಅರ ಹಾಕಿ ಅಳಿಸಿದ ಎಂಜಿನ್ನು, ಗೇರ್ ಬಾಕ್ಸು ಕಣ್ಣಿಗೆ ಬಿದ್ದರೆ ಆ ಅಂಗಡಿಯಲ್ಲಿ ಮತ್ತೆ ಏನೂ ಮುಟ್ಟೋದಿಲ್ಲ. ಕದ್ದ ಮಾಲು ಗುಜರಿಗೆ ಬರೋದಿಲ್ಲ ಅಂತ ನಾನು ನಿಮಗೆ ಸುಳ್ಳು ಹೇಳಲಾರೆ.

ಮಧ್ಯಾಹ್ನದ ಹೊತ್ತಿಗೆ ಒಂದು ಸ್ಟೀರಿಂಗ್ ಬಾಕ್ಸ್ ಸಿಕ್ಕಿತು. ನಂಬರ್ ಸರಿ, ಬೋಲ್ಟ್ ಸರಿ. ನನಗೆ ಖುಷಿ. ಅಣ್ಣ ಬಟ್ಟೆ ಕಸಿದುಕೊಂಡು ಒಂದು ಮೂಲೆ ಉಜ್ಜಿದರು. ಅಲ್ಲಿ ಯಾರೋ ವೆಲ್ಡಿಂಗ್ ಮಾಡಿದ್ದರು. ಸುಮ್ಮನೆ ಕೆಳಗಿಟ್ಟರು.

"ಎಂಜಿನ್ ಕೆಟ್ರೆ ಗಾಡಿ ನಿಲ್ತದೆ ಕಣಪ್ಪ. ಸ್ಟೀರಿಂಗ್ ಕೆಟ್ರೆ ಗಾಡಿ ನಿಲ್ಲಲ್ಲ" ಅಂದರು.

ಐದು ವರ್ಷ ಹುಡುಕಿದ್ದನ್ನ ಎರಡು ನಿಮಿಷದಲ್ಲಿ ಬೇಡ ಅಂದ ಆ ಮನುಷ್ಯನ ಮುಂದೆ ನಾನು ಏನೂ ಮಾತಾಡಲಿಲ್ಲ.

ಇನ್ನೊಂದು ಸೀಟಿನಷ್ಟು ದೊಡ್ಡ ರಾಶಿಯ ಹಿಂದೆ ಸ್ಪೀಡೋಮೀಟರ್ ಕಾಣಿಸಿತು. ಅಂಗಡಿಯವನು ಮೊದಲು ತೂಕದ ಲೆಕ್ಕದಲ್ಲಿ ಹೇಳಿದ. ಅಷ್ಟರಲ್ಲಿ ಅವನ ಹುಡುಗ ನನ್ನ ಮುಖ ನೋಡಿದ. "ಟಿವಿ ಸಾರ್ ಬಂದವ್ರೆ!" ಮುಗೀತು ಕಥೆ. ಬೆಲೆ ಎಂಟು ಪಟ್ಟಾಯಿತು. ಅಣ್ಣ ನನ್ನನ್ನ ಟೀ ಅಂಗಡಿಗೆ ಕಳಿಸಿದರು. ಹೆಸರು ಮಾಡಿದ್ದಕ್ಕೆ ಸಿಕ್ಕ ಮರ್ಯಾದೆ ನೋಡಿ. ಅರ್ಧ ಗಂಟೆ ಬಿಟ್ಟು ಅವರು ಮೀಟರನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದರು. ಎಷ್ಟು ಕೊಟ್ಟಿರಿ ಅಂದರೆ ಹೇಳಲಿಲ್ಲ.

ಡೀಸೆಲ್ ಪಂಪಿನ ಚಿಂತೆ ಇಲ್ಲ. 1951ರಲ್ಲಿ ಬೆಂಗಳೂರಲ್ಲಿ ಶುರುವಾದ ನಮ್ಮ ಮೈಕೋ, ಈಗಿನ ಬಾಷ್, ಆ ಕಾಲದಿಂದ ಡೀಸೆಲ್ ಪಂಪು ಮಾಡಿದ ಕಂಪನಿ. ಅದನ್ನು ಬಿಚ್ಚಿ ಸರಿ ಮಾಡುವ ಹಳೇ ಕೈಗಳು ಇನ್ನೂ ಇವೆ. ಮುಂದಿನ ಗ್ಲಾಸೂ ಕಷ್ಟವಲ್ಲ, ಚಪ್ಪಟೆ ಗಾಜು, ಅಳತೆ ಕೊಟ್ಟು ಕತ್ತರಿಸಬಹುದು.

ಕಷ್ಟ ಇರೋದು ಮರದಲ್ಲಿ. ಮರ ಸಿಗುತ್ತೆ, ಕೆಲಸ ಬಲ್ಲವರು ಸಿಗಲ್ಲ. ಲಾರಿ ಬಾಡಿ ಅಂದರೆ ಬೀರು ಮಾಡಿದ ಹಾಗಲ್ಲ. ಗುಂಡಿಗೆ ಇಳಿದಾಗ ಚಾಸಿ ಒಂದು ಕಡೆ ತಿರುಚಿಕೊಳ್ಳುತ್ತೆ. ಮೇಲಿನ ಮರವೂ ಅದರ ಜೊತೆ ಬಾಗಿ ಮತ್ತೆ ವಾಪಸ್ ಬರಬೇಕು. ಮೊಳೆ ಹೊಡೆದರೆ ನಾಲ್ಕು ತಿಂಗಳಲ್ಲಿ ಸಡಿಲ. ಅದಕ್ಕೇ ತೊಲೆಗೆ ತೊಲೆ ಕಚ್ಚಿಸಿ ಬೋಲ್ಟು ಬಿಗಿಯುತ್ತಿದ್ದರು, ಚಾಸಿ ಮತ್ತು ಬಾಡಿಯ ನಡುವೆ ಉದ್ದಕ್ಕೂ ಒಂದು ಮರದ ಪಟ್ಟಿ ಕೂರಿಸುತ್ತಿದ್ದರು. ಬೋಲ್ಟಿನ ತೂತಲ್ಲಿ ನೀರು ಇಳಿದರೆ ಮರ ಅಲ್ಲಿಂದಲೇ ಕೊಳೆಯುತ್ತೆ. ಎಣ್ಣೆ ಕುಡಿದ ಹಲಗೆ ಮಾತ್ರ ಬಾಳುತ್ತೆ. ಈ ಲೆಕ್ಕ ಯಾವ ಕಾಗದದಲ್ಲೂ ಬರೆದಿಲ್ಲ. ಅಣ್ಣನಿಗೆ ಗೊತ್ತಿದ್ದ ಇಬ್ಬರು ಆಚಾರಿಗಳಲ್ಲಿ ಒಬ್ಬರು ತೀರಿಕೊಂಡರು. ಇನ್ನೊಬ್ಬರಿಗೆ ಕಣ್ಣು ಮಂಜು. ಅವರನ್ನ ಕುರ್ಚಿ ಹಾಕಿ ಕೂರಿಸಿ, ಅವರು ಬೆರಳಲ್ಲಿ ಮುಟ್ಟಿ ಹೇಳಿದ ಹಾಗೆ ಹುಡುಗನೊಬ್ಬ ಉಳಿ ಹಿಡಿಯುತ್ತಿದ್ದಾನೆ. ಹಳೇ ಬಾಡಿಗಳಿಂದ ಬಿಚ್ಚಿ ತಂದ ಕೀಲು, ಕೊಂಡಿ, ಮೂಲೆಪಟ್ಟಿ ಒಂದು ಗೋಣಿಚೀಲ ತುಂಬ ಇವೆ.

ಈಗ ವಿಷಯಕ್ಕೆ ಬರ್ತೀನಿ. ಈ ಲಾರಿ ಪೂರ್ತಿ ಆದ ಮೇಲೆ ಏನು? ರಸ್ತೆಗೆ ಇಳಿಸೋಕೆ ಆಗುತ್ತಾ?

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಅಂತ ಹೊಸ ನಿಯಮ ತಂದಿತು. ಒಳ್ಳೆಯ ನಿಯಮ. ಐವತ್ತು ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗೆ ಇಪ್ಪತ್ತು ಸಾವಿರ ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ ನೋಂದಣಿ, 'ವಿಎ' ಅಂತ ಪ್ರತ್ಯೇಕ ನಂಬರ್. ದಿನನಿತ್ಯ ಓಡಿಸುವ ಹಾಗಿಲ್ಲ, ಬಾಡಿಗೆ ಹೊಡೆಯುವ ಹಾಗಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ತೆಗೆಯಬಹುದು. ಎಲ್ಲ ಸರಿ. ಆದರೆ ಯಾವ ಗಾಡಿ? ದ್ವಿಚಕ್ರ ವಾಹನ ಮತ್ತು ಕಾರಿನ ವರ್ಗ. ಸರಕು ಸಾಗಿಸುವ ವರ್ಗದ ಹೆಸರೇ ಅಲ್ಲಿಲ್ಲ. ಅಣ್ಣ ಕಚೇರಿಯೊಂದಕ್ಕೆ ಹೋಗಿ ಕೇಳಿದರು. ಕೌಂಟರಿನಲ್ಲಿದ್ದವರು ಆರ್‌ಸಿ ತಿರುಗಿಸಿ ನೋಡಿ, "ಇದು ಗೂಡ್ಸ್ ಅಲ್ವೇನ್ರೀ" ಅಂದು ವಾಪಸ್ ಕೊಟ್ಟರು. ಅವರ ತಪ್ಪೇನಿಲ್ಲ, ನಿಯಮದಲ್ಲಿ ಇಲ್ಲದ್ದನ್ನ ಅವರು ಎಲ್ಲಿಂದ ತರಬೇಕು?

ರಾಜರ ಕಾರಿಗೆ ಗೌರವ ಕೊಡೋಣ. ಧರ್ಮಸ್ಥಳದಲ್ಲಿ, ಶ್ರೀರಂಗಪಟ್ಟಣದ ಹತ್ತಿರದ ಪಯಣ ಸಂಗ್ರಹಾಲಯದಲ್ಲಿ ಹಳೇ ಕಾರುಗಳನ್ನ ನೋಡಿ ನಾನೂ ಬಾಯಿ ಬಿಟ್ಟುಕೊಂಡು ನಿಂತಿದ್ದೇನೆ. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಉಗಿಬಂಡಿಗಳಿವೆ, ಮಕ್ಕಳು ಹತ್ತಿ ಆಡ್ತಾರೆ. ಆದರೆ ಈ ನಾಡಿನ ಅಣೆಕಟ್ಟೆಗಳಿಗೆ ಸಿಮೆಂಟ್ ಹೊತ್ತದ್ದು, ಸಂಡೂರಿನ ಅದಿರು ಹೊತ್ತದ್ದು, ತಿಪಟೂರಿನ ಕೊಬ್ಬರಿ, ಮಲೆನಾಡಿನ ಅಡಿಕೆ, ಬರಗಾಲದ ಅಕ್ಕಿ ಹೊತ್ತದ್ದು ಈ ಲಾರಿ. ದುಡಿದ ಗಾಡಿಗೆ ಕುಲುಮೆ, ಮೆರೆದ ಗಾಡಿಗೆ ಪಟ್ಟ. ಇದೇನು ನ್ಯಾಯ?

ನನ್ನನ್ನ ತಪ್ಪು ತಿಳಿಯಬೇಡಿ. ಹಳೇ ಲಾರಿಗಳು ಲೋಡ್ ಹೊತ್ತು ಹೊಗೆ ಕಾರುತ್ತಾ ಹೆದ್ದಾರಿಯಲ್ಲಿ ಓಡಲಿ ಅಂತ ನಾನು ಹೇಳ್ತಿಲ್ಲ. ಮರದ ಕ್ಯಾಬಿನ್ ಡಿಕ್ಕಿಯಲ್ಲಿ ಡ್ರೈವರನ್ನ ಉಳಿಸೋದಿಲ್ಲ. ಅಪ್ಪನ ಜೊತೆಗಾರರೊಬ್ಬರನ್ನು ಹಲಗೆ ಕತ್ತರಿಸಿ ಹೊರಗೆ ತೆಗೆದದ್ದು ನನಗೆ ನೆನಪಿದೆ. ಹೊಸ ಲಾರಿಗೆ ಎ.ಸಿ. ಕ್ಯಾಬಿನ್ ಕಡ್ಡಾಯ ಆಗಿದೆ, ತುಂಬಾ ತಡವಾಗಿ ಬಂದ ಒಳ್ಳೆಯ ಕೆಲಸ ಅದು. ಗುಜರಿ ನೀತಿಯೂ ಬೇಕು. ನಾನು ಕೇಳ್ತಿರೋದು ಇಷ್ಟೇ: ಕಾರಿಗೆ ಹಾಕಿದ ಷರತ್ತುಗಳನ್ನೇ ಹಾಕಿ, ಜೊತೆಗೆ ಒಂದು ಮೂಟೆ ಕೂಡ ಹೊರುವ ಹಾಗಿಲ್ಲ ಅಂತ ಬರೆಯಿರಿ, ಬ್ರೇಕು ಸ್ಟೀರಿಂಗು ಕಟ್ಟುನಿಟ್ಟಾಗಿ ಪರೀಕ್ಷೆ ಮಾಡಿ. ಆದರೆ ಆ ನಿಯಮದೊಳಗೆ ಲಾರಿಯನ್ನೂ ಸೇರಿಸಿ. ಒಂದು ಸಾಲಿನ ತಿದ್ದುಪಡಿ. ಕರ್ನಾಟಕದ ಸಂಸದರು ಇಪ್ಪತ್ತೆಂಟು ಜನ ಲೋಕಸಭೆಯಲ್ಲಿದ್ದೀರಿ, ಯಾರಾದರೂ ಒಬ್ಬರು ಒಂದು ಪ್ರಶ್ನೆ ಕೇಳಿ ಸ್ವಾಮಿ.

ಕೇಳೋದು ತಡವಾದಷ್ಟೂ ಕಬ್ಬಿಣ ಕರಗುತ್ತೆ. ನಾಮಕ್ಕಲ್ಲಿನಲ್ಲಿ ಅಣ್ಣ ನೋಡಿಟ್ಟು ಬಂದಿದ್ದ ಬಾನೆಟ್ ತಿಂಗಳು ಬಿಟ್ಟು ಹೋಗುವಷ್ಟರಲ್ಲಿ ಕುಲುಮೆಗೆ ಹೋಗಿತ್ತು.

ಅಣ್ಣನ ಆಸೆ ದೊಡ್ಡದಲ್ಲ. ಮನೆಯಿಂದ ತಿಪಟೂರು ಎಪಿಎಂಸಿ ಯಾರ್ಡ್‌ವರೆಗೆ ಒಂದು ಸಲ ಓಡಿಸಬೇಕು. ಅಪ್ಪ ಲಾರಿ ನಿಲ್ಲಿಸುತ್ತಿದ್ದ ಜಾಗದಲ್ಲಿ ನಿಲ್ಲಿಸಬೇಕು.

ಅಪ್ಪನ ಲಾರಿಯನ್ನು ಮಾಲೀಕರು ಗುಜರಿಗೆ ಹಾಕಿದ ದಿನ ಅಪ್ಪ ಕ್ಲೀನರ್ ಸೀಟಿನ ಹಲಗೆ ಒಂದನ್ನು ಬಿಚ್ಚಿ ಮನೆಗೆ ತಂದಿದ್ದರು. ಅದಕ್ಕೆ ನಾಲ್ಕು ಕಾಲು ಹೊಡೆಸಿ ಜಗಲಿಯಲ್ಲಿ ಬೆಂಚು ಮಾಡಿದರು. ನಾನು ಮಗ್ಗಿ ಕಲಿತದ್ದು ಅದರ ಮೇಲೆ ಕೂತು. ಹೋದ ಭಾನುವಾರ ಸಂಜೆ ಅಣ್ಣನನ್ನ ಊರಿಗೆ ಬಿಡಲು ಹೋದಾಗ ಅವರು ನಮ್ಮ ಮನೆಗೆ ಬಂದು, ಕಾಫಿ ಕುಡಿದು, ಜೇಬಿಂದ ಟೇಪ್ ತೆಗೆದು ಆ ಬೆಂಚನ್ನು ಅಳೆದರು. ಅಂಗುಲ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಅಕ್ಕ, ಇದು ಗಾಡೀದು. ಎಂಟು ವರ್ಷ ನಾನೇ ಕೂತಿದ್ದೆ ಇದ್ರ ಮೇಲೆ. ಕೊಟ್ಬಿಡಿ" ಅಂದರು.

ಅಮ್ಮ ಸ್ವಲ್ಪ ಹೊತ್ತು ಹಲಗೆಯನ್ನೇ ನೋಡಿದರು.

"ನಿನ್ ಗಾಡಿ ರಸ್ತೇಗೆ ಬರ‍್ಲಿ ಕಣಪ್ಪ. ಅವತ್ತು ಬಂದು ತಗೊಂಡು ಹೋಗು" ಅಂದರು.